ಕೀಲುವಾತ ಮತ್ತು ಊರಿನ ಡಾಕ್ಟರು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಸಾಲಿನಲ್ಲಿ ಕೀಲುನೋವಿನವರು ಇಲ್ಲದ ದಿನವೇ ಇಲ್ಲ. ಹೆಚ್ಚಿನವರದು ವಯಸ್ಸಿನ ಸವೆತ, ಇಲ್ಲವೇ ದುಡಿಮೆಯ ನೋವು. ಆದರೆ ಅದೇ ಸಾಲಿನಲ್ಲಿ ಆಗೊಬ್ಬರು ಈಗೊಬ್ಬರು ರುಮಟಾಯ್ಡ್ ಸಂಧಿವಾತದವರು, ಲೂಪಸ್‌ನವರು (ರೋಗನಿರೋಧಕ ಶಕ್ತಿ ಚರ್ಮ, ಕೀಲು, ಕಿಡ್ನಿಯ ಮೇಲೆ ತಿರುಗಿಬೀಳುವ ಕಾಯಿಲೆ), ಬೆನ್ನುಮೂಳೆಯ ವಾತದವರು ನಿಂತಿರುತ್ತಾರೆ. ಅವರನ್ನು ಗುರುತು ಹಿಡಿಯುವುದು, ಸರಿಯಾದ ಕಡೆ ಕಳಿಸುವುದು, ವಾಪಸ್ ಬಂದ ಮೇಲೆ ವರ್ಷಗಟ್ಟಲೆ ಕೈಬಿಡದೆ ನೋಡಿಕೊಳ್ಳುವುದು ಹತ್ತಿರದ ಡಾಕ್ಟರ ಕೆಲಸ. ಈ ಕೆಲಸದ ಬಗ್ಗೆ ರೋಗಿಗಳೂ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನೇರವಾಗಿ ಪೇಟೆಯ ಸ್ಪೆಷಲಿಸ್ಟ್ ಹತ್ತಿರವೇ ಹೋದರೆ ಆಗುವುದಿಲ್ಲವೇ?

ಹೋಗಬಹುದು, ತಪ್ಪೇನಿಲ್ಲ. ಆದರೆ ವಾತರೋಗ ತಜ್ಞರು, ಅಂದರೆ ರುಮಟಾಲಜಿಸ್ಟ್‌ಗಳು, ಸಂಖ್ಯೆಯಲ್ಲೇ ಕಡಿಮೆ. ಇರುವವರಲ್ಲೂ ಬಹುಪಾಲು ಜನ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿದ್ದಾರೆ. ಔರಾದ್‌ನಿಂದಲೋ ಹನೂರಿನಿಂದಲೋ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಒಂದು ಸಲ ಹೋಗಿ ಬರಬೇಕೆಂದರೆ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಜತೆಗೆ ಬಂದವರ ಕೂಲಿಯೂ ಹೋಯಿತು. ಅಷ್ಟು ಕಷ್ಟಪಟ್ಟು ಹೋದಮೇಲೆ ಅದು ಬರೀ ಮಂಡಿ ಸವೆತ ಎಂದು ಗೊತ್ತಾದರೆ ಆ ದಿನವೇ ದಂಡ. ನಿಜಕ್ಕೂ ತಜ್ಞರು ನೋಡಬೇಕಾದವರಿಗೆ ಸರದಿ ಸಿಗುವುದೂ ತಡವಾಗುತ್ತದೆ.

ಇನ್ನೊಂದು ಗೊಂದಲವನ್ನು ದಿನಾ ನೋಡುತ್ತೇವೆ. ಕೀಲುನೋವು ಎಂದ ಕೂಡಲೇ ಜನ ಮೂಳೆ ಡಾಕ್ಟರನ್ನು ಹುಡುಕುತ್ತಾರೆ. ಮೂಳೆ ಮುರಿದರೆ, ಕೀಲು ಬದಲಿಸಬೇಕಾದರೆ ಅವರೇ ಬೇಕು. ಆದರೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲನ್ನು ತಿನ್ನುವ ರುಮಟಾಯ್ಡ್‌ನಂಥ ಕಾಯಿಲೆಗಳಿಗೆ ವಾತರೋಗ ತಜ್ಞರು ಬೇಕು. ಅವರು ಸಿಗದ ಕಡೆ ಜಿಲ್ಲಾ ಆಸ್ಪತ್ರೆಯ ಇಲ್ಲವೇ ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ಹೋಗಬೇಕು. ಯಾವ ಬಾಗಿಲು ತಟ್ಟಬೇಕು ಎಂದು ಹೇಳಿ ಚೀಟಿ ಬರೆದುಕೊಡುವುದೇ ಊರಿನ ಡಾಕ್ಟರ ಮೊದಲ ಉಪಕಾರ.

ನನ್ನದು ಸವೆತವೋ ವಾತವೋ? ಹೇಗೆ ಗೊತ್ತಾಗುತ್ತದೆ?

ಮುಕ್ಕಾಲು ಪಾಲು ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ ಡಾಕ್ಟರು ಬೆಳಗಿನ ಹೊತ್ತಿನ ಬಗ್ಗೆ ಕೆದಕಿ ಕೆದಕಿ ಕೇಳುತ್ತಾರೆ.

ಸವೆತದ ನೋವು ದುಡಿದಷ್ಟೂ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ಎದ್ದ ಕೂಡಲೇ ಪೆಡಸು ಇದ್ದರೂ ಐದು ಹತ್ತು ನಿಮಿಷದಲ್ಲಿ ಸಡಿಲವಾಗುತ್ತದೆ. ರುಮಟಾಯ್ಡ್‌ನಲ್ಲಿ ಇದು ತಲೆಕೆಳಗು. ರಾತ್ರಿಯಿಡೀ ವಿಶ್ರಾಂತಿ ಆದಮೇಲೂ ಬೆಳಗ್ಗೆ ಬೆರಳು ಮಡಚಲು ಬರುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಹತ್ತು ಗಂಟೆಯ ಬಿಸಿಲು ಬರುವವರೆಗೂ ಬಿಗಿತ ಬಿಡುವುದಿಲ್ಲ. ಕೆಲಸಕ್ಕೆ ಇಳಿದ ಮೇಲೆಯೇ ಸ್ವಲ್ಪ ಹಗುರ. ನೋವಿನ ಜತೆ ಊತವೂ ಇರುತ್ತದೆ. ಅದೂ ಎರಡೂ ಕೈಗಳ ಬೆರಳಿನ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗದಲ್ಲಿ. ಮೂವತ್ತರಿಂದ ಐವತ್ತರ ನಡುವಿನ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚು. ಗಂಡಸರಿಗಿಂತ ಎರಡು ಮೂರು ಪಟ್ಟು.

ನಾನು ಕೇಳುವ ಪ್ರಶ್ನೆಗಳು ಸರಳ. ಮುದ್ದೆ ತಿರುವಲು ಕೋಲು ಹಿಡಿಯೋಕೆ ಆಗುತ್ತಾ? ರೊಟ್ಟಿ ಬಡಿಯುವಾಗ ಅಂಗೈ ಅಗಲವಾಗುತ್ತಾ? ಬಚ್ಚಲಲ್ಲಿ ತುಂಬಿದ ಚೊಂಬು ಒಂದೇ ಕೈಯಲ್ಲಿ ಎತ್ತುತ್ತೀರಾ? ಹಳೆ ಬಳೆ ಏರುತ್ತಾ? ಬಳೆಯ ಪ್ರಶ್ನೆಗೆ ಎಷ್ಟೋ ಹೆಣ್ಣುಮಕ್ಕಳು ಥಟ್ಟನೆ ಉತ್ತರಿಸುತ್ತಾರೆ: "ದೀಪಾವಳಿಗೆ ಹಾಕ್ಕೊಂಡಿದ್ದೆ ಸಾರ್, ಯುಗಾದಿಗೆ ಏರಲೇ ಇಲ್ಲ." ಊತ ಶುರುವಾದ ಕಾಲವೂ ಆ ಮಾತಿನಲ್ಲೇ ಸಿಕ್ಕಿತು.

ಡಾಕ್ಟರು ಕೈ ಹಿಡಿದು ಅದುಮಿ ನೋಡಿದರು. ಅದೇನು ಪರೀಕ್ಷೆ?

ನಾಲ್ಕೂ ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ ನೋಡುವುದು. ಕೀಲಿನೊಳಗೆ ಉರಿಯೂತವಿದ್ದರೆ ಆ ಸಣ್ಣ ಒತ್ತಡಕ್ಕೇ ರೋಗಿ ಕೈ ಎಳೆದುಕೊಳ್ಳುತ್ತಾರೆ. ಕಾಲ್ಬೆರಳ ಬುಡದಲ್ಲೂ ಹಾಗೆಯೇ ನೋಡಬೇಕು. ಕಾಸಿನ ಖರ್ಚಿಲ್ಲದ ಪರೀಕ್ಷೆ ಇದು. ಅರ್ಧ ಗಂಟೆ ಮೀರಿದ ಬೆಳಗಿನ ಬಿಗಿತ, ಕಣ್ಣಿಗೆ ಕಾಣುವ ಊತ, ಒತ್ತಿದರೆ ನೋವು, ಇವು ಇದ್ದರೆ ರಕ್ತದ ರಿಪೋರ್ಟಿಗೆ ಕಾಯದೆ ಚೀಟಿ ಬರೆಯಬೇಕು.

ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದಿದೆ. ನನಗೆ ಸಂಧಿವಾತ ಇದೆಯೆಂದೇ ಅರ್ಥವೇ?

ಅಲ್ಲ. ಅದು ರುಮಟಾಯ್ಡ್ ಸಂದೇಹಕ್ಕೆ ಮಾಡಿಸುವ ಒಂದು ರಕ್ತ ಪರೀಕ್ಷೆ. ಆರೋಗ್ಯವಾಗಿರುವ ಕೆಲವು ವಯಸ್ಸಾದವರಲ್ಲೂ, ಕ್ಷಯ, ಹೆಪಟೈಟಿಸ್ ಸಿ ಇರುವವರಲ್ಲೂ ಅದು ಪಾಸಿಟಿವ್ ಬರುತ್ತದೆ. ಇನ್ನೊಂದು ಕಡೆ, ನಿಜವಾದ ರುಮಟಾಯ್ಡ್ ಇರುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ನೆಗೆಟಿವ್ ಇರುತ್ತದೆ. ಆಂಟಿ ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ನಂಬಿಕೆಗೆ ಅರ್ಹ, ಬೆಲೆಯೂ ಹೆಚ್ಚು. ಲೂಪಸ್‌ಗೆ ಮಾಡುವ ಎಎನ್‌ಎ ಪರೀಕ್ಷೆಯದೂ ಇದೇ ಕಥೆ. ಏನೂ ತೊಂದರೆ ಇಲ್ಲದವರಲ್ಲೂ ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಕಾಣಬಹುದು.

ಲ್ಯಾಬ್‌ಗಳಲ್ಲಿ "ವಾತದ ಪ್ಯಾಕೇಜ್" ಎಂದು ಆರ್‌ಎ, ಎಎಸ್‌ಒ, ಯೂರಿಕ್ ಆಸಿಡ್ ಎಲ್ಲ ಒಟ್ಟಿಗೆ ಮಾಡಿಸಿಕೊಂಡು ಬರುವವರಿದ್ದಾರೆ. ಎಎಸ್‌ಒ ಹೇಳುವುದು ಇಷ್ಟೇ: ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿತ್ತು. ನಲವತ್ತೈದರ ಹೆಂಗಸಿನ ಮಂಡಿನೋವಿಗೆ ಅದರಿಂದ ಯಾವ ಉತ್ತರವೂ ಸಿಗುವುದಿಲ್ಲ. ಆ ಒಂದು ಸಂಖ್ಯೆ ನೋಡಿ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸಿಕೊಂಡವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಮೊದಲು ಕೈ ಮುಟ್ಟಿ ನೋಡಿ, ಆಮೇಲೆ ಪರೀಕ್ಷೆ ಬರೆಯಬೇಕು.

ಬೇಗ ಬನ್ನಿ, ಬೇಗ ಬನ್ನಿ ಎನ್ನುತ್ತೀರಿ. ಇದರಲ್ಲಿ ಅಷ್ಟು ಅವಸರವೇನು?

ಒಮ್ಮೆ ಹಾಳಾದ ಕೀಲು ಯಾವ ಔಷಧಿಗೂ ಮೊದಲಿನಂತಾಗುವುದಿಲ್ಲ, ಅದಕ್ಕೆ. ಕಾಯಿಲೆ ಶುರುವಾದ ಮೊದಲ ತಿಂಗಳುಗಳಲ್ಲೇ ಮೂಳೆಯ ಅಂಚು ಕೊರೆಯಲು ತೊಡಗುತ್ತದೆ. ಊದಿದ ಕೀಲಿನ ರೋಗಿಯನ್ನು ಆರು ವಾರದೊಳಗೆ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ಕಾಯಿಲೆಯನ್ನೇ ಹಿಡಿದಿಡುವ ಔಷಧಿ ಶುರುವಾಗಬೇಕು ಎಂಬುದು ಯುರೋಪಿನ ವಾತರೋಗ ತಜ್ಞರ ಒಕ್ಕೂಟದ ಶಿಫಾರಸು. ನಮ್ಮಲ್ಲಿ ಆ ಕಾಲ ಎಣ್ಣೆ ತಿಕ್ಕುವುದರಲ್ಲಿ, ಮೆಡಿಕಲ್ ಶಾಪಿನ ಮಾತ್ರೆಯಲ್ಲಿ, "ಈ ಸುಗ್ಗಿ ಮುಗೀಲಿ" ಎನ್ನುವುದರಲ್ಲಿ ಕಳೆದುಹೋಗುತ್ತದೆ. ಬೆರಳು ಸೊಟ್ಟಗಾದ ಮೇಲೆ ಬಂದವರಿಗೂ ಚಿಕಿತ್ಸೆ ಇದೆ, ನೋವು ಇಳಿಯುತ್ತದೆ. ಬೆರಳು ನೆಟ್ಟಗಾಗುವುದಿಲ್ಲ.

ಒಂದು ಇಂಜೆಕ್ಷನ್ ತಗೊಂಡರೆ ಹದಿನೈದು ದಿನ ಆರಾಮ. ಅಷ್ಟೇ ಸಾಲದೇ?

ಸಾಲದು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ನೋವಿನ ಔಷಧಿಗಳು ನೋವು ತಗ್ಗಿಸುತ್ತವೆ, ಕೀಲು ಸವೆಯುವುದನ್ನು ತಡೆಯುವುದಿಲ್ಲ. ದಿನಾ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು. ಬಿಪಿ, ಶುಗರ್ ಇದ್ದವರಿಗೆ ಇನ್ನೂ ಅಪಾಯ.

"ಹದಿನೈದು ದಿನ ಆರಾಮ" ಕೊಡುವ ಸೂಜಿಯಲ್ಲಿ ಬಹಳ ಸಲ ಸ್ಟಿರಾಯ್ಡ್ ಇರುತ್ತದೆ. ಹೆಸರು, ಲೇಬಲ್ ಇಲ್ಲದ ಪುಡಿ, ಉಂಡೆಗಳಲ್ಲೂ ಅದನ್ನು ಬೆರೆಸುವುದುಂಟು. ಸ್ಟಿರಾಯ್ಡ್ ಕೆಟ್ಟ ಔಷಧಿಯಲ್ಲ. ನಾವೂ ಪ್ರೆಡ್ನಿಸೊಲೋನ್ ಬರೆಯುತ್ತೇವೆ, ಬೇರೆ ಮಾತ್ರೆ ಕೆಲಸಕ್ಕೆ ಹತ್ತುವವರೆಗೆ, ಕಡಿಮೆ ಡೋಸಿನಲ್ಲಿ, ಕೆಲ ವಾರಗಳ ಮಟ್ಟಿಗೆ. ತಿಂಗಳುಗಟ್ಟಲೆ ಲೆಕ್ಕವಿಲ್ಲದೆ ತೆಗೆದುಕೊಂಡರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಇನ್ನೊಂದು ಮಾತು: ಬಹಳ ದಿನದಿಂದ ತಿನ್ನುತ್ತಿದ್ದವರು ಹೆದರಿ ಒಮ್ಮೆಲೇ ನಿಲ್ಲಿಸಬಾರದು. ದೇಹ ತಾನೇ ತಯಾರಿಸಬೇಕಾದ ಸ್ಟಿರಾಯ್ಡ್ ಅಷ್ಟರಲ್ಲಿ ನಿಂತಿರುತ್ತದೆ. ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಪುಡಿಯ ಪೊಟ್ಟಣ ಹಿಡಿದೇ ಬನ್ನಿ, ಯಾರೂ ಬೈಯುವುದಿಲ್ಲ. ಮೆಲ್ಲಮೆಲ್ಲಗೆ ಇಳಿಸೋಣ.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಮಾತ್ರೆಯಂತೆ. ತಗೊಳ್ಳಬಹುದೇ?

ಕ್ಯಾನ್ಸರ್‌ಗೂ ಬಳಸುತ್ತಾರೆ, ಆದರೆ ಅಲ್ಲಿ ಡೋಸು ಎಷ್ಟೋ ಪಟ್ಟು ಹೆಚ್ಚು. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಕಾಯಿಲೆಯನ್ನೇ ಹಿಡಿದಿಡುವ, ದಶಕಗಳಿಂದ ಬಳಕೆಯಲ್ಲಿರುವ, ಮೊದಲ ಸಾಲಿನ ಔಷಧಿ ಅದು.

ಈಗ ಹೇಳುವುದನ್ನು ಮನೆಯವರೆಲ್ಲ ಕೇಳಿಸಿಕೊಳ್ಳಬೇಕು. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ತಪ್ಪಿ ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಪ್ರಾಣವೇ ಹೋಗಬಹುದು. ಈ ತಪ್ಪು ಆಗುವುದು ದಡ್ಡತನದಿಂದಲ್ಲ. ಉಳಿದೆಲ್ಲ ಮಾತ್ರೆ ದಿನಾ ತಗೊಳ್ಳುವಂಥವು. ಜತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಇದರಂತೆಯೇ ಪುಟ್ಟ ಹಳದಿ ಮಾತ್ರೆಯಾಗಿರುವುದುಂಟು. ಚೀಟಿಯಲ್ಲಿರುವುದು ಇಂಗ್ಲಿಷು.

ಹಾಗಾಗಿ ನಮ್ಮ ಫಾರ್ಮಸಿಯಲ್ಲಿ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೇ ದಿನದ ಹೆಸರು ಬರೆಯುತ್ತೇವೆ. ಓದಲು ಬಾರದವರಿಗೆ ಊರಿನ ಸಂತೆಯ ದಿನ ಗೊತ್ತು ಮಾಡಿಕೊಡುವುದು ಚೆನ್ನಾಗಿ ನಡೆಯುತ್ತದೆ. ಸಂತೆ ದಿನ ಮರೆಯುವವರಿಲ್ಲ. ಸಂತೆಯ ರಾತ್ರಿ ಊಟವಾದ ಮೇಲೆ ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್ ಬೇರೆ ದಿನ. ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಒಂದು ಸಲಕ್ಕೆ ನಾಲ್ಕು ವಾರದಷ್ಟೇ ಕೊಡುವುದು ಕ್ಷೇಮ.

ಈ ಮಾತ್ರೆ ತಿನ್ನುವವರು ಬೇರೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಿ. ಉರಿಮೂತ್ರಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್ ಇದರ ಜತೆ ಸೇರಿದರೆ ರಕ್ತ ತಯಾರಾಗುವುದೇ ನಿಲ್ಲಬಹುದು. ಕುಡಿತ ಬಿಡಲೇಬೇಕು, ಲಿವರಿಗೆ ಎರಡರ ಭಾರ ತಡೆಯಲಾಗದು. ಬಾಯಿಹುಣ್ಣು, ಜ್ವರ, ಒಣಕೆಮ್ಮಿನ ಜತೆ ಏದುಸಿರು, ಕಣ್ಣು ಹಳದಿ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಇವುಗಳಲ್ಲಿ ಯಾವುದು ಕಂಡರೂ ಆ ವಾರದ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಬನ್ನಿ.

ರಕ್ತ ಪರೀಕ್ಷೆಗೆ ಪ್ರತಿ ಸಲ ಬೆಂಗಳೂರಿಗೇ ಹೋಗಬೇಕೇ?

ಬೇಡ. ಹತ್ತಿರದ ಕೇಂದ್ರ ಹೆಚ್ಚು ನೆರವಾಗುವುದೇ ಇಲ್ಲಿ. ಮೆಥೊಟ್ರೆಕ್ಸೇಟ್ ಶುರು ಮಾಡಿದ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಕಿಡ್ನಿಗಾಗಿ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಪಿಎಚ್‌ಸಿಯಲ್ಲಿ ಆಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ. ರಿಪೋರ್ಟುಗಳನ್ನು ದಿನಾಂಕದ ಸಾಲಿನಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದಿಡಿ. ತಜ್ಞರ ಮುಂದೆ ಕೂತಾಗ ಆ ಒಂದು ಪುಟ ಹತ್ತು ನಿಮಿಷ ಉಳಿಸುತ್ತದೆ. ಕೆಲವು ಸಂದೇಹಗಳಿಗೆ ಪ್ರಯಾಣವೇ ಬೇಕಿಲ್ಲ, ಕೇಂದ್ರದಿಂದಲೇ ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕೇಳಬಹುದು.

ಸಂಧಿವಾತಕ್ಕೂ ಲೂಪಸ್‌ಗೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುವವರಿಗೆ ರಕ್ತಕ್ಕಿಂತ ಕಣ್ಣಿನ ಪರೀಕ್ಷೆ ಮುಖ್ಯ. ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಮೊದಲೇ.

ಬಯಾಲಜಿಕ್ ಇಂಜೆಕ್ಷನ್ ಕೊಡುವ ಮುಂಚೆ ಕ್ಷಯದ ಪರೀಕ್ಷೆ ಏಕೆ?

ನಮ್ಮ ದೇಶದಲ್ಲಿ ಬಹಳ ಜನರ ದೇಹದಲ್ಲಿ ಕ್ಷಯದ ರೋಗಾಣು ಮಲಗಿರುತ್ತದೆ. ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಬಯಾಲಜಿಕ್ ಇಂಜೆಕ್ಷನ್ನುಗಳು ಅದನ್ನು ಎಬ್ಬಿಸಬಲ್ಲವು. ಅದಕ್ಕೆ ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ. ಇಂಜೆಕ್ಷನ್ ಶುರುವಾದ ಮೇಲೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಕಂಡರೆ ತಜ್ಞರ ಮುಂದಿನ ತಾರೀಖಿಗೆ ಕಾಯಬೇಡಿ, ಪಿಎಚ್‌ಸಿಯಲ್ಲಿ ಕಫ ಪರೀಕ್ಷೆ ಉಚಿತ.

ಮದುವೆ, ಮಕ್ಕಳು ಎಂದರೆ ಏನು ಮಾಡಬೇಕು?

ಮಗು ಬೇಕೆನ್ನುವ ಯೋಚನೆ ಬಂದಾಗಲೇ ಹೇಳಬೇಕು, ಮುಟ್ಟು ನಿಂತ ಮೇಲಲ್ಲ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಭ್ರೂಣಕ್ಕೆ ಹಾನಿ ಮಾಡುತ್ತವೆ. ಮೆಥೊಟ್ರೆಕ್ಸೇಟ್ ಅನ್ನು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ನಿಲ್ಲಿಸಿ ಬೇರೆ ಔಷಧಿಗೆ ಬದಲಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಬಸಿರಿನಲ್ಲೂ ಮುಂದುವರಿಸಬಹುದಾದಂಥವು. ಲೂಪಸ್ ಇರುವವರಂತೂ ಬಸಿರೆಂದು ಹೆದರಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಡಬಾರದು, ಬಿಟ್ಟರೆ ಕಾಯಿಲೆ ಕೆರಳುತ್ತದೆ. ಮನೆಯಲ್ಲಿ ಅತ್ತೆ ಮಾವನ ಮುಂದೆ ಹೇಳಲು ಸಂಕೋಚವಾದರೆ ಆಶಾ ಅಕ್ಕನ ಕಿವಿಗೆ ಹಾಕಿ.

ಯೂರಿಕ್ ಆಸಿಡ್ 8 ಇದೆ. ಮಾತ್ರೆ ಬೇಕೇ?

ನೋವೇ ಇಲ್ಲದಿದ್ದರೆ, ಬರೀ ರಿಪೋರ್ಟಿನ ಸಂಖ್ಯೆಗೆ ಮಾತ್ರೆ ಬೇಡ. ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು ಬಂದಿದ್ದರೆ ಅದು ಗೌಟ್, ಯೂರಿಕ್ ಆಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂರುವ ಕಾಯಿಲೆ. ಇದನ್ನು ಬಹುತೇಕ ಪೂರ್ತಿಯಾಗಿ ಊರಿನ ಡಾಕ್ಟರೇ ನಿಭಾಯಿಸಬಹುದು. ನೋವು ಕೆರಳಿದಾಗ ಕಾಲ್ಚಿಸಿನ್ ಅಥವಾ ನೋವಿನ ಮಾತ್ರೆ. ಪದೇ ಪದೇ ಬರುತ್ತಿದ್ದರೆ ಅಲೊಪ್ಯುರಿನಾಲ್, ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಇಳಿಯುವವರೆಗೆ ನಿಧಾನವಾಗಿ ಏರಿಸಬೇಕು.

ಜನ ಎಡವುವುದು ಎರಡು ಕಡೆ. ನೋವು ಹೋಯಿತೆಂದು ಮಾತ್ರೆ ಬಿಡುತ್ತಾರೆ. ಇಲ್ಲವೇ ಶುರುವಿನ ತಿಂಗಳುಗಳಲ್ಲಿ ಮತ್ತೆ ಒಮ್ಮೆ ನೋವು ಬಂದಾಗ ಮಾತ್ರೆಯೇ ಆಗಿಬರಲಿಲ್ಲ ಎಂದು ಬಿಡುತ್ತಾರೆ. ಹಳೆಯ ಹರಳು ಕರಗುವಾಗ ಹಾಗಾಗುವುದು ಸಹಜ, ಅದಕ್ಕೇ ಮೊದಲ ಮೂರರಿಂದ ಆರು ತಿಂಗಳು ಜತೆಗೆ ಕಡಿಮೆ ಡೋಸಿನ ಕಾಲ್ಚಿಸಿನ್ ಕೊಡುತ್ತೇವೆ. ಆದರೆ ಮೈಮೇಲೆ ಗುಳ್ಳೆ, ಕೆಂಪು ದದ್ದು ಎದ್ದರೆ ಕೂಡಲೇ ಅಲೊಪ್ಯುರಿನಾಲ್ ನಿಲ್ಲಿಸಿ ಬನ್ನಿ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ನೀರಿನ ಮಾತ್ರೆಗಳೂ ಯೂರಿಕ್ ಆಸಿಡ್ ಏರಿಸುತ್ತವೆ, ಚೀಟಿ ತೋರಿಸಿ.

ಮಗನಿಗೆ ಇಪ್ಪತ್ತಾರು. ಬೆಳಗ್ಗೆ ಬೆನ್ನು ಬಗ್ಗಿಸಲು ಆಗುವುದಿಲ್ಲ, ಓಡಾಡಿದರೆ ಸರಿಹೋಗುತ್ತದೆ. ಡಿಸ್ಕ್ ತೊಂದರೆಯೇ?

ಡಿಸ್ಕ್ ನೋವು ಸಾಮಾನ್ಯವಾಗಿ ಓಡಾಡಿದರೆ, ಭಾರ ಎತ್ತಿದರೆ ಹೆಚ್ಚುತ್ತದೆ. ಮಲಗಿದಾಗ ಹೆಚ್ಚಿ, ಬೆಳಗಿನ ಜಾವ ಎಬ್ಬಿಸಿ, ಓಡಾಡಿದರೆ ಇಳಿಯುವ ನೋವು ನಲವತ್ತೈದರೊಳಗೆ ಶುರುವಾಗಿ ಮೂರು ತಿಂಗಳು ದಾಟಿದ್ದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ವಾತ ಇರಬಹುದು. ಕಣ್ಣು ಕೆಂಪಾಗಿ ನೋಯುತ್ತಿತ್ತೇ ಎಂದೂ ಕೇಳಬೇಕು. ವರ್ಷಗಟ್ಟಲೆ ಬೆಲ್ಟ್ ಕಟ್ಟಿಸಿ ಮಲಗಿಸುವುದು ಈ ಹುಡುಗರಿಗೆ ಮಾಡುವ ಅನ್ಯಾಯ. ಅವರಿಗೆ ಬೇಕಾದದ್ದು ದಿನಾ ವ್ಯಾಯಾಮ, ಸರಿಯಾದ ಔಷಧಿ, ತಜ್ಞರ ಭೇಟಿ.

ಚಿಕೂನ್‌ಗುನ್ಯ ಹೋಗಿ ತಿಂಗಳುಗಳಾದರೂ ಕೀಲುನೋವು ಹೋಗಿಲ್ಲ.

2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನ ಇದನ್ನು ಅನುಭವಿಸಿದ್ದಾರೆ. ಊರಿಗೆ ಊರೇ ಕುಂಟುತ್ತಿದ್ದ ಆ ವರ್ಷ ಹಿರಿಯರಿಗೆ ಇನ್ನೂ ನೆನಪಿದೆ. ಹೆಚ್ಚಿನವರಿಗೆ ಕೆಲ ವಾರಗಳಲ್ಲಿ ಇಳಿಯುತ್ತದೆ. ಮೂರು ತಿಂಗಳು ದಾಟಿಯೂ ಊತ, ಬೆಳಗಿನ ಬಿಗಿತ ಉಳಿದಿದ್ದರೆ "ಚಿಕೂನ್‌ಗುನ್ಯದ್ದೇ ಬಿಡಿ" ಎನ್ನದೆ ಸಂಧಿವಾತಕ್ಕೆ ಪರೀಕ್ಷಿಸಬೇಕು. ಜ್ವರದ ದಿನಗಳಲ್ಲಿ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಬೇರೆ ನೋವಿನ ಮಾತ್ರೆ ಬೇಡ.

ಮಗುವಿಗೆ ಗಂಟಲು ನೋವಾದ ಮೇಲೆ ಒಂದಾದ ಮೇಲೊಂದು ಕೀಲು ಊದುತ್ತಿದೆ.

ತಕ್ಷಣ ತೋರಿಸಿ. ಐದರಿಂದ ಹದಿನೈದರ ಮಕ್ಕಳಲ್ಲಿ ಇದು ರುಮ್ಯಾಟಿಕ್ ಜ್ವರ ಇರಬಹುದು. ಕೀಲು ಪೂರ್ತಿ ವಾಸಿಯಾಗುತ್ತದೆ, ಹೃದಯದ ಕವಾಟ ಹಾಳಾಗಬಹುದು. ಖಚಿತವಾದರೆ 21 ದಿನಕ್ಕೊಮ್ಮೆ ಬೆಂಜಥೈನ್ ಪೆನಿಸಿಲಿನ್, ಎಷ್ಟೋ ವರ್ಷಗಳವರೆಗೆ. ಸೂಜಿಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎಎಸ್‌ಒ ಪರೀಕ್ಷೆಗೂ ಪೆನಿಸಿಲಿನ್‌ಗೂ ಅರ್ಥ ಬರುವುದು ಇಲ್ಲಿ.

ಮಲೆನಾಡಿನ ಹಂದಿಗೋಡು ಕಾಯಿಲೆಯೂ ಸಂಧಿವಾತವೇ?

ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಅದು ವಂಶದಲ್ಲಿ ಹರಿಯುವ, ಮೂಳೆಯ ಬೆಳವಣಿಗೆಯ ದೋಷ. ಮುಖ್ಯವಾಗಿ ಸೊಂಟದ ಕೀಲು, ಮಂಡಿ ಹಾಳಾಗುತ್ತವೆ. ಮೆಥೊಟ್ರೆಕ್ಸೇಟ್‌ಗೆ ಅಲ್ಲಿ ಕೆಲಸವಿಲ್ಲ. ನೋವಿನ ಆರೈಕೆ, ಫಿಸಿಯೋಥೆರಪಿ, ಅಂಗವಿಕಲತೆಯ ಪ್ರಮಾಣಪತ್ರ, ಬೇಕಾದವರಿಗೆ ಶಸ್ತ್ರಚಿಕಿತ್ಸೆ, ಇಷ್ಟನ್ನಾದರೂ ತಪ್ಪದೆ ತಲುಪಿಸಬೇಕು.

ಬಂದದ್ದು ಕೈನೋವಿಗೆ. ಬಿಪಿ, ಶುಗರ್ ಏಕೆ ನೋಡುತ್ತೀರಿ?

ರುಮಟಾಯ್ಡ್ ಇರುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಕೀಲಿನ ಉರಿಯೂತ ರಕ್ತನಾಳವನ್ನೂ ಬಿಡುವುದಿಲ್ಲ. ಬೀಡಿ ಸಿಗರೇಟು ಕಾಯಿಲೆಯನ್ನೂ ಕೆರಳಿಸುತ್ತದೆ, ಔಷಧಿಯ ಬಲವನ್ನೂ ಕುಗ್ಗಿಸುತ್ತದೆ.

ಬದನೆಕಾಯಿ, ಆಲೂಗಡ್ಡೆ, ಹುಳಿ ನಂಜು ಅಂತಾರೆ. ಬಿಡಬೇಕೇ?

ಬಿಡಬೇಕಾಗಿಲ್ಲ. ತಿಂದಾಗಲೆಲ್ಲ ನಿಮಗೆ ನೋವು ಹೆಚ್ಚುವುದು ಖಂಡಿತವಾಗಿ ಕಂಡರೆ ಅದೊಂದನ್ನು ಬಿಡಿ. ಪಥ್ಯದ ಹೆಸರಲ್ಲಿ ಬೇಳೆ, ಮೊಟ್ಟೆ, ಹಾಲು ಎಲ್ಲ ಬಿಟ್ಟು ಸೊರಗಿದ ಹೆಂಗಸರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ರಾಗಿ, ಬೇಳೆ, ಸೊಪ್ಪು ಚೆನ್ನಾಗಿ ತಿನ್ನಿ. ಗೌಟ್ ಮಾತ್ರ ಬೇರೆ: ಬಿಯರು, ಲಿವರ್, ಬೋಟಿ ದೂರವಿಡಿ.

ಖರ್ಚು ಹೇಗೆ ನಿಭಾಯಿಸುವುದು?

ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಮೂರೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಪಿಎಚ್‌ಸಿಯಲ್ಲಿ ಇಲ್ಲದಿದ್ದರೆ ತರಿಸಿಕೊಡುವಂತೆ ವೈದ್ಯಾಧಿಕಾರಿಯನ್ನು ಕೇಳಿ. ಕೈಕಾಲು ಗಣನೀಯವಾಗಿ ಕುಂದಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವಿಕಲತೆಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಹಲವು ಸವಲತ್ತುಗಳಿವೆ.

ಯಾವಾಗ ಒಂದು ದಿನವೂ ಕಾಯಬಾರದು?

ಜ್ವರದ ಜತೆ ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಅಲುಗಾಡಿಸಲು ಆಗದಿದ್ದರೆ ಒಳಗೆ ಕೀವು ತುಂಬಿರಬಹುದು. ಅದಕ್ಕೆ ನೋವಿನ ಸೂಜಿ ಕೊಟ್ಟು ಮನೆಗೆ ಕಳಿಸಬಾರದು, ಅದೇ ದಿನ ಕೀಲಿನ ನೀರು ತೆಗೆದು ಪರೀಕ್ಷಿಸುವ ಕಡೆ ಕಳಿಸಬೇಕು. ಲೂಪಸ್ ಇರುವ ಹುಡುಗಿಗೆ ಕಾಲು ಊದಿ ಮೂತ್ರ ನೊರೆ ನೊರೆಯಾದರೆ ಕಿಡ್ನಿಗೆ ತಗುಲಿರಬಹುದು, ಮೂತ್ರದ ಪ್ರೋಟೀನ್ ಪರೀಕ್ಷೆ ಪಿಎಚ್‌ಸಿಯಲ್ಲೇ ಐದು ನಿಮಿಷದ ಕೆಲಸ. ಹಳೆಯ ರುಮಟಾಯ್ಡ್ ರೋಗಿಗೆ ಕತ್ತು ನೋವಿನ ಜತೆ ಕೈಕಾಲು ಸೋತರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರಿಗೆ ಚಳಿಜ್ವರ ಬಂದರೆ, ಮೈಕೈ ನೋವಿನವರಿಗೆ ಎದೆನೋವು ಅಥವಾ ಉಸಿರಾಟದ ತೊಂದರೆ ಸೇರಿಕೊಂಡರೆ ರಾತ್ರಿಯಾಗಿದ್ದರೂ 108ಕ್ಕೆ ಫೋನ್ ಮಾಡಿ. ಹೊರಡುವಾಗ ಮಾತ್ರೆಗಳ ಸ್ಟ್ರಿಪ್ಪು, ನೋಟ್‌ಬುಕ್ಕು ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.